ಸೇಡಿನ ಕಾದಂಬರಿಗೆ ಒಂದು ಲೆಕ್ಕದ ಪುಸ್ತಕ

ನನ್ನ ಕೆಲಸ ಲೆಕ್ಕ ಬರೆಯುವುದು. ಹಗಲೆಲ್ಲ ಬೇರೆಯವರ ಜಮಾ ಖರ್ಚು ನೋಡುತ್ತೇನೆ. ರಾತ್ರಿ ಕಾದಂಬರಿ ಓದುತ್ತೇನೆ, ಅದರಲ್ಲೂ ಡಾರ್ಕ್ ಫ್ಯಾಂಟಸಿ, ಅಂದರೆ ಮಾಯಾಲೋಕದಲ್ಲಿ ನಡೆಯುವ ಕರಾಳ ಕಥೆಗಳು. ಎರಡಕ್ಕೂ ಸಂಬಂಧವೇ ಇಲ್ಲ ಅಂತ ತುಂಬಾ ವರ್ಷ ಅಂದುಕೊಂಡಿದ್ದೆ. ಜೇ ಕ್ರಿಸ್ಟಾಫ್ ಬರೆದ ‘ನೆವರ್‌ನೈಟ್’ ಓದುವಾಗ ಹಾಗಲ್ಲ ಅಂತ ಗೊತ್ತಾಯಿತು.

2016ರಲ್ಲಿ ಬಂದ ಇಂಗ್ಲಿಷ್ ಕಾದಂಬರಿ ಅದು. ಮಿಯಾ ಅಂತ ಒಬ್ಬ ಹುಡುಗಿ. ಅವಳಿಗೆ 10 ವರ್ಷ ಇದ್ದಾಗ ಅಪ್ಪನನ್ನು ದ್ರೋಹಿ ಅಂತ ಗಲ್ಲಿಗೇರಿಸುತ್ತಾರೆ. ಅವಳು ಅದನ್ನು ಕಣ್ಣಾರೆ ನೋಡುತ್ತಾಳೆ. ಕಾರಣರಾದ ಮೂವರನ್ನು ಕೊಲ್ಲಬೇಕು ಅಂತ 16ನೇ ವಯಸ್ಸಿಗೆ ಹಂತಕರ ಪಂಥವೊಂದರ ಬಾಗಿಲು ತಟ್ಟುತ್ತಾಳೆ. ಮೊದಲ ಸಲ ನಾನು ನಲವತ್ತು ಪುಟಕ್ಕೇ ಬಿಟ್ಟುಬಿಟ್ಟೆ. ಎರಡನೇ ಸಲ ಒಂದೇ ಉಸಿರಿಗೆ ಓದಿ ಮುಗಿಸಿದೆ, ಮನಸ್ಸಲ್ಲಿ ಏನೂ ನಿಲ್ಲಲಿಲ್ಲ. ಮೂರನೇ ಸಲ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಆಗ ಕಥೆ ಕೈಗೆ ದಕ್ಕಿತು. ಈ ಜಾತಿಯ ಯಾವ ಕಾದಂಬರಿಗೂ ಅದೇ ದಾರಿ ಹಿಡಿಯಬಹುದು. ಅದನ್ನೇ ಇಲ್ಲಿ ಹೇಳುತ್ತೇನೆ.

ಶುರು ಮಾಡುವ ಮೊದಲು ಒಂದು ಮಾತು. ನಾಯಕಿಗೆ 16 ಅಂದ ಮಾತ್ರಕ್ಕೆ ಅದು ಮಕ್ಕಳ ಪುಸ್ತಕವಲ್ಲ. ನೆವರ್‌ನೈಟ್‌ನಲ್ಲಿ ರಕ್ತವೂ ಜಾಸ್ತಿ, ಲೈಂಗಿಕ ದೃಶ್ಯಗಳೂ ಇವೆ. ದೊಡ್ಡವರಿಗಾಗಿಯೇ ಬರೆದದ್ದು. ಮನೆಯ ಮಕ್ಕಳು ಮುಖಪುಟ ನೋಡಿ ಕೇಳಿದರೆ ಸುಮ್ನೆ ಕೊಟ್ಟುಬಿಡಬೇಡಿ. ಮೊದಲು ನೀವು ಓದಿ.

ಇನ್ನು ಮೊದಲ ಐವತ್ತು ಪುಟ. ಹೆಚ್ಚಿನವರು ಸೋಲುವುದು ಇಲ್ಲೇ. ಹೊಸ ಲೋಕ, ಬಾಯಿಗೆ ಬಾರದ ಹೆಸರುಗಳು, ದೇವರುಗಳು, ಹಬ್ಬಗಳು. ಎಲ್ಲವನ್ನೂ ನೆನಪಿಟ್ಟುಕೊಳ್ಳಲು ಹೋಗಬೇಡಿ. ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಲೋಕದಲ್ಲಿ ಬೇರೆ ಎಲ್ಲೂ ಇಲ್ಲದ್ದು ಏನಿದೆ? ಮಿಯಾಳ ಆಕಾಶದಲ್ಲಿ ಮೂರು ಸೂರ್ಯರಿದ್ದಾರೆ. ಪೂರ್ತಿ ಕತ್ತಲಾಗುವುದು ಎಷ್ಟೋ ದಿನಕ್ಕೊಮ್ಮೆ. ಅವಳ ಶಕ್ತಿ ಇರುವುದು ನೆರಳಿನಲ್ಲಿ. ಇಷ್ಟು ಹಿಡಿದುಕೊಂಡರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ. ಕತ್ತಲಾದಾಗೆಲ್ಲ ಏನೋ ನಡೆಯಲಿದೆ ಅಂತ ನಿಮಗೇ ತಿಳಿಯುತ್ತದೆ.

ಆ ಪುಸ್ತಕದಲ್ಲಿ ಅಡಿಟಿಪ್ಪಣಿಗಳೂ ಇವೆ, ಕೆಲವು ಅರ್ಧ ಪುಟದಷ್ಟು ಉದ್ದ. ನಾನು ಅವುಗಳನ್ನು ಅಧ್ಯಾಯ ಮುಗಿದ ಮೇಲೆ ಒಟ್ಟಿಗೆ ಓದಿದೆ. ದೃಶ್ಯದ ಮಧ್ಯೆ ಕೆಳಗಿಳಿದರೆ ಓಟ ಕೆಡುತ್ತದೆ.

ಈಗ ನೋಟ್‌ಬುಕ್ ತೆಗೆಯಿರಿ. ಪುಟದ ನಡುವೆ ಒಂದು ಗೆರೆ ಎಳೆಯಿರಿ. ಎಡಗಡೆ ‘ಬರಬೇಕಾದದ್ದು’ ಅಂತ ಬರೆಯಿರಿ. ಬಲಗಡೆ ‘ಕೊಟ್ಟದ್ದು’. ಎಡಗಡೆ ಅವಳಿಗೆ ಯಾರು ಯಾರು ಬಾಕಿ ಇದ್ದಾರೆ ಅನ್ನುವ ಪಟ್ಟಿ. ಮಿಯಾಳಿಗೆ ಅಲ್ಲಿ ಮೂರು ಹೆಸರು. ಈ ಪಟ್ಟಿಯನ್ನು ಕಾದಂಬರಿಯೇ ನಿಮಗೆ ಬರೆದುಕೊಡುತ್ತದೆ. ಮತ್ತೆ ಮತ್ತೆ ನೆನಪಿಸುತ್ತದೆ. ಬಲಗಡೆಯದನ್ನು ಯಾರೂ ಹೇಳಿಕೊಡುವುದಿಲ್ಲ, ನೀವೇ ಹುಡುಕಬೇಕು. ಆ ಹೆಸರುಗಳ ಕಡೆ ನಡೆಯುತ್ತಾ ಅವಳು ದಾರಿಯಲ್ಲಿ ಏನೇನು ಬಿಟ್ಟುಕೊಟ್ಟಳು? ಒಂದು ಗೆಳೆತನ, ಒಂದು ಸುಳ್ಳು, ಒಂದು ರಾತ್ರಿಯ ನಿದ್ದೆ. ಚಿಕ್ಕದು ಅನಿಸಿದರೂ ಬರೆಯಿರಿ. ಪುಟದ ಸಂಖ್ಯೆ ಹಾಕಿ.

ಬಲಗಡೆ ನಾನು ಬರೆದ ಮೊದಲ ಪದ ‘ಭಯ’. ಅಪ್ಪ ಸತ್ತ ಕಾಲದಲ್ಲಿ ಮಿಯಾಳ ಜೊತೆ ಬೆಕ್ಕಿನ ಆಕಾರದ ಒಂದು ನೆರಳು ಸೇರಿಕೊಳ್ಳುತ್ತದೆ. ಅದು ಅವಳ ಭಯವನ್ನು ಕುಡಿದುಬಿಡುತ್ತದೆ. ಓಡಿಸಿಕೊಂಡು ಓದಿದಾಗ ಇದು ನನಗೆ ವರದ ಹಾಗೆ ಕಂಡಿತ್ತು. ಭಯವಿಲ್ಲದ ಹಂತಕಿ, ಇನ್ನೇನು ಬೇಕು ಅಲ್ವಾ? ಬರೆಯಲು ಕೂತಾಗ ಕೈ ನಿಂತಿತು. ಇದನ್ನು ಯಾವ ಕಡೆ ಹಾಕಲಿ? ಹತ್ತು ವರ್ಷದ ಮಗು ಹೆದರಬೇಕಾದ ಹೊತ್ತಿನಲ್ಲಿ ಹೆದರಲಿಲ್ಲ. ಅಂದರೆ ಅತ್ತು ಹಗುರಾಗುವ ದಾರಿಯೂ ಅವಳಿಗೆ ಉಳಿಯಲಿಲ್ಲ. ಬಲಗಡೆಯೇ ಬರೆದೆ. ನೀವು ಎಡಗಡೆ ಬರೆಯಬಹುದು. ಆದರೆ ಎಲ್ಲೋ ಒಂದು ಕಡೆ ಬರೆಯಲೇಬೇಕು. ಆ ಒಂದು ನಿಮಿಷ ನಿಂತು ಯೋಚಿಸಲಿಕ್ಕೇ ಈ ಗೆರೆ ಎಳೆದದ್ದು.

ಕಥೆ ಹೇಳುತ್ತಿರುವವರು ಯಾರು ಅನ್ನುವುದನ್ನೂ ಗಮನಿಸಿ. ರಾಬಿನ್ ಹಾಬ್ ಅವರ 1995ರ ‘ಅಸಾಸಿನ್ಸ್ ಅಪ್ರೆಂಟಿಸ್’ನಲ್ಲಿ ಹಂತಕನೇ ತನ್ನ ಬಾಲ್ಯವನ್ನು ಬರೆಯುತ್ತಾನೆ. ಹಾಗಾಗಿ ಅವನು ಬದುಕಿದ್ದಾನೆ ಅಂತ ಮೊದಲೇ ಗೊತ್ತು. ನೆವರ್‌ನೈಟ್‌ನ ನಿರೂಪಕ ಶುರುವಿನಲ್ಲೇ ಈ ಹುಡುಗಿ ಸತ್ತಿದ್ದಾಳೆ ಅಂತ ಹೇಳಿಬಿಡುತ್ತಾನೆ. ಎರಡರಲ್ಲೂ ‘ಉಳೀತಾಳಾ, ಉಳೀತಾನಾ’ ಅನ್ನುವ ಪ್ರಶ್ನೆಯ ಬಿಸಿ ಕಡಿಮೆಯಾಗುತ್ತದೆ. ಹೀಗೇಕೆ ಆದಳು, ಹೀಗೇಕೆ ಆದ ಅನ್ನುವುದೇ ಮುಖ್ಯವಾಗುತ್ತದೆ. ನಿಮ್ಮ ಕೈಲಿರುವ ಪುಸ್ತಕದ ನಿರೂಪಕ ಯಾರು ಅಂತ ಮೊದಲ ಪುಟದಲ್ಲೇ ಗುರುತು ಹಾಕಿಕೊಳ್ಳಿ.

ನಡುವಿನ ಭಾಗ ತರಬೇತಿಯದು. ವಿಷ, ಕತ್ತಿ, ಕಳ್ಳತನ, ಕಠಿಣ ಗುರುಗಳು. ಇಲ್ಲಿ ಕಥೆ ನಿಧಾನ ಅಂತ ಪುಟ ಹಾರಿಸುವವರಿದ್ದಾರೆ. ದಯವಿಟ್ಟು ಹಾರಿಸಬೇಡಿ. ಯಾರನ್ನು ಹಚ್ಚಿಕೊಂಡಳು, ಯಾರಿಗೆ ಬೆನ್ನು ತೋರಿಸಿ ಮಲಗಿದಳು ಅನ್ನುವುದು ಇರುವುದು ಇಲ್ಲೇ. ಬಲಗಡೆಯ ಪಟ್ಟಿ ಬೆಳೆಯುವುದೂ ಇಲ್ಲೇ.

ಮಿಯಾ ಕಲಿಯುವ ಶಾಲೆ ಇರುವುದು ಒಂದು ಬೆಟ್ಟದೊಳಗೆ. ಈ ‘ಬೆಟ್ಟದೊಳಗಿನ ಹಂತಕರ ಪಂಥ’ ಅನ್ನುವ ಕಲ್ಪನೆಗೆ ಒಂದು ಹಳೇ ಬೇರಿದೆ. ಇರಾನಿನ ಅಲಮುತ್ ಬೆಟ್ಟದ ಕೋಟೆಯನ್ನು 1090ರಲ್ಲಿ ಹಸನ್ ಸಬ್ಬಾಹ್ ಕೈವಶ ಮಾಡಿಕೊಂಡ. ಶಿಯಾ ಮುಸ್ಲಿಮರ ಒಂದು ಶಾಖೆಯಾದ ಅವನ ನಿಜಾರಿ ಪಂಥದವರು ದೊಡ್ಡ ಸೈನ್ಯಗಳನ್ನು ಎದುರಿಸುವ ಬದಲು ಆಯ್ದ ಶತ್ರುಗಳನ್ನು ಒಬ್ಬೊಬ್ಬರಾಗಿ ಕೊಲ್ಲುವುದಕ್ಕೆ ಹೆಸರಾದರು. 1256ರಲ್ಲಿ ಮಂಗೋಲರು ಆ ಕೋಟೆಯನ್ನು ಗೆದ್ದರು. ಹಂತಕನಿಗೆ ಇಂಗ್ಲಿಷಿನಲ್ಲಿ ಹೇಳುವ ‘ಅಸಾಸಿನ್’ ಅನ್ನುವ ಪದ ಬಂದದ್ದು ಅವರನ್ನು ಆಗದವರು ಕರೆಯುತ್ತಿದ್ದ ಹೆಸರಿನಿಂದ. ಇದು ಗೊತ್ತಿದ್ದರೆ ಶಾಲೆಯ ಅಧ್ಯಾಯಗಳಲ್ಲಿ ಒಂದು ಪ್ರಶ್ನೆ ಜೊತೆಗಿರುತ್ತದೆ: ಈ ಪಂಥ ತನ್ನ ಹುಡುಗರನ್ನು ಯಾರ ಹಗೆಗಾಗಿ ಬಳಸುತ್ತಿದೆ? ಹುಡುಗಿ ತನ್ನ ಸೇಡಿಗೆ ಬಂದಿದ್ದಾಳೆ. ಗುರುಗಳ ಮನಸ್ಸಿನಲ್ಲಿ ಬೇರೆಯೇ ಲೆಕ್ಕ ಇರಬಹುದು.

ಕೊಲೆಯ ದೃಶ್ಯ ಬಂದಾಗ ನಿಧಾನ ಮಾಡಿ. ನಾವು ಅಲ್ಲೇ ಜಾಸ್ತಿ ಓಡುತ್ತೇವೆ. ಸಾಯುತ್ತಿರುವವರ ಹೆಸರು ಎಡಗಡೆಯ ಪಟ್ಟಿಯಲ್ಲಿದೆಯಾ ನೋಡಿ. ಇಲ್ಲದಿದ್ದರೆ ಬೇರೆ ಬಣ್ಣದ ಪೆನ್ನಿನಲ್ಲಿ ಬರೆಯಿರಿ. ಕಾವಲುಗಾರನಿಗೆ ಹೆಸರೇ ಇಲ್ಲದಿದ್ದರೆ ‘ಕಾವಲುಗಾರ’ ಅಂತಲೇ ಬರೆಯಿರಿ.

ಇದನ್ನು ನನಗೆ ಕಲಿಸಿದ್ದು ಮಹಾಭಾರತದ ಸೌಪ್ತಿಕ ಪರ್ವ. ಅಶ್ವತ್ಥಾಮ ಕಾಡಿನ ಆಲದ ಮರದ ಕೆಳಗೆ ನಿದ್ದೆ ಬಾರದೆ ಕೂತಿದ್ದಾನೆ. ಮಲಗಿದ ಕಾಗೆಗಳನ್ನು ಒಂದು ಗೂಬೆ ಬಂದು ಕೊಲ್ಲುತ್ತದೆ. ಅವನಿಗೆ ದಾರಿ ಸಿಕ್ಕಿತು. ಅದೇ ರಾತ್ರಿ ಪಾಂಡವರ ಪಾಳೆಯಕ್ಕೆ ನುಗ್ಗಿ ಅಪ್ಪನನ್ನು ಕೊಂದ ಧೃಷ್ಟದ್ಯುಮ್ನನನ್ನು ಮುಗಿಸಿದ. ಅಷ್ಟಕ್ಕೇ ನಿಲ್ಲಲಿಲ್ಲ. ದ್ರೌಪದಿಯ ಐವರು ಮಕ್ಕಳೂ ಅವನ ಕೈಯಲ್ಲಿ ಹೋದರು. ದ್ರೋಣನ ಕತ್ತು ಕತ್ತರಿಸಿದ್ದು ಆ ಮಕ್ಕಳಲ್ಲ. ನನ್ನ ಪುಟದಲ್ಲಿ ಅವರು ಕೆಂಪು ಶಾಯಿಯ ಹೆಸರುಗಳು. ಆ ಐದು ಹೆಸರು ಬರೆದ ಮೇಲೆ ಯಾವ ಕಾದಂಬರಿಯ ಕಾವಲುಗಾರನನ್ನೂ ನನಗೆ ಸುಮ್ನೆ ದಾಟಿಹೋಗಲು ಆಗಿಲ್ಲ.

ಒಂದು ಕೊಲೆಯ ಅಧ್ಯಾಯ ಮುಗಿದರೆ ಆ ರಾತ್ರಿಗೆ ಅಷ್ಟೇ ಸಾಕು. ಪುಸ್ತಕ ಮುಚ್ಚಿ. ಮುಂದೇನು ಅನ್ನುವ ತವಕ ಇರುತ್ತದೆ, ನನಗೂ ಇತ್ತು. ಆದರೂ ಮಾರನೇ ದಿನ ನೋಟ್‌ಬುಕ್ಕಿನ ಹಿಂದಿನ ಸಾಲುಗಳನ್ನು ಓದಿಯೇ ಮುಂದಿನ ಅಧ್ಯಾಯಕ್ಕೆ ಹೋಗಿ. ಎರಡು ನಿಮಿಷದ ಕೆಲಸ.

ನೆವರ್‌ನೈಟ್ ಮೂರು ಸಂಪುಟದ ಕಥೆ. ಎರಡನೆಯದು 2017ರಲ್ಲಿ, ಮೂರನೆಯದು 2019ರಲ್ಲಿ ಬಂತು. ಮೊದಲನೆಯದು ಮುಗಿದ ದಿನ ನನ್ನ ಎಡಗಡೆ ಇನ್ನೂ ಬಾಕಿ ಇತ್ತು. ಬಲಗಡೆ ಒಂದು ಪುಟ ಪೂರ್ತಿ ತುಂಬಿ ಮುಂದಿನ ಪುಟಕ್ಕೆ ಹರಿದಿತ್ತು. ಎರಡನೇ ಸಂಪುಟಕ್ಕೆ ಹೊಸ ನೋಟ್‌ಬುಕ್ ತೆಗೆದುಕೊಳ್ಳಬೇಡಿ. ಅದರಲ್ಲೇ ಒಂದು ಹಾಳೆ ಮಗುಚಿ, ಲೆಕ್ಕದವರು ಬರೆಯುವ ಹಾಗೆ ಮೇಲ್ಗಡೆ ‘ಹಿಂದಿನ ಪುಟದಿಂದ ತಂದದ್ದು’ ಅಂತ ಬರೆದು, ಎರಡೂ ಕಡೆಯ ಹೆಸರುಗಳನ್ನು ಒಂದೊಂದಾಗಿ ಇಳಿಸಿಕೊಳ್ಳಿ.