ಹತ್ತು ಹೆಸರಿನ ತೀರ್ಪಿಗೆ ಒಂದು ಸಾಲು: ನಮ್ಮ ಸಂಘದ ಲೈಬ್ರರಿಯಲ್ಲಿ ನಾನು ಮಾಡಿದ್ದು

ಲೈಬ್ರರಿಯಲ್ಲಿ ತೀರ್ಪು ಹುಡುಕುವುದನ್ನು ಪುಸ್ತಕದಿಂದ ಕಂಪ್ಯೂಟರ್‌ಗೆ ತರಲು ಹೊರಟಾಗ, "ಆರು ತಿಂಗಳು ನೋಡ್ರಿ, ಎಲ್ಲರೂ ಪುಸ್ತಕಕ್ಕೇ ವಾಪಸ್ ಬರ್ತಾರೆ" ಅಂದಿದ್ದರು ನಮ್ಮ ಒಬ್ಬ ಹಿರಿಯ ವಕೀಲರು. ಈಗ ಅವರೇ ಬೆಳಿಗ್ಗೆ ಕೋರ್ಟ್ ಹಾಲ್‌ಗೆ ಹೋಗುವ ಮುಂಚೆ ನನ್ನ ಮೇಜಿನ ಹತ್ತಿರ ನಿಲ್ಲುತ್ತಾರೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಮ್ಮದು ತಾಲ್ಲೂಕು ವಕೀಲರ ಸಂಘ. ಸದಸ್ಯರು ಸುಮಾರು 120. ತೀರ್ಪುಗಳನ್ನು ಅಚ್ಚು ಹಾಕುವ ಜರ್ನಲ್‌ಗಳ ಚಂದಾ, ಬೈಂಡಿಂಗ್ ಎಲ್ಲಾ ಸೇರಿ ವರ್ಷಕ್ಕೆ 90 ಸಾವಿರದ ಆಸುಪಾಸು ಹೋಗುತ್ತಿತ್ತು. ಅದರಲ್ಲಿ ಎರಡು ಜರ್ನಲ್‌ಗಳನ್ನು ಗೆದ್ದಲು ಬಿಟ್ಟರೆ ಯಾರೂ ಮುಟ್ಟಿರಲಿಲ್ಲ.

ಮೊದಲು ದುಡ್ಡು ಕೊಟ್ಟು ತೀರ್ಪು ಹುಡುಕುವ ಒಂದು ಆನ್‌ಲೈನ್ ಡೇಟಾಬೇಸ್ ತಗೊಂಡೆ. 38 ಸಾವಿರ, ಮೂರು ಲಾಗಿನ್. ಒಂದೇ ವಾರದಲ್ಲಿ ಪಾಸ್‌ವರ್ಡ್ ಇಡೀ ಸಂಘಕ್ಕೆ ಗೊತ್ತಾಯಿತು. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ. ಕೊನೆಗೆ ಅಕೌಂಟೇ ಲಾಕ್. ಮುಂದಿನ ವರ್ಷ ದರ ಹತ್ತಿರ ಹತ್ತಿರ ಎರಡು ಪಟ್ಟು ಕೇಳಿದರು. ಸಂಘದ ಸಭೆಯಲ್ಲಿ ನಾನು ಬೈಸಿಕೊಂಡಿದ್ದು ಈಗಲೂ ನೆನಪಿದೆ.

ಅಷ್ಟರಲ್ಲಿ 2023ರ ಜನವರಿ 2ಕ್ಕೆ ಸುಪ್ರೀಂ ಕೋರ್ಟ್ ತನ್ನ ತೀರ್ಪುಗಳನ್ನು ಆನ್‌ಲೈನ್‌ನಲ್ಲಿ ಕೊಡುವ ಇ-ಎಸ್‌ಸಿಆರ್ ಶುರು ಮಾಡಿತು. ಸುಮಾರು 34 ಸಾವಿರ ತೀರ್ಪು, ಪೂರ್ತಿ ಉಚಿತ. ಕುಣಿದಾಡಿಕೊಂಡು ಬೋರ್ಡ್‌ಗೆ ನೋಟಿಸ್ ಅಂಟಿಸಿದೆ. ಒಬ್ಬರೂ ತಿರುಗಿ ನೋಡಲಿಲ್ಲ. ಯಾಕೆ ಅಂತ ಅರ್ಥವಾಗಲು ಎರಡು ತಿಂಗಳು ಬೇಕಾಯಿತು. ನಮ್ಮ ಹಿರಿಯರಿಗೆ ತೀರ್ಪು ನೆನಪಿರುವುದು ಎಐಆರ್ ಅನ್ನೋ ಜರ್ನಲ್‌ನ ಪುಟದಿಂದ. ಜೂನಿಯರ್‌ಗಳಿಗೆ ಎಸ್‌ಸಿಸಿ ಅನ್ನೋ ಇನ್ನೊಂದು ಜರ್ನಲ್‌ನಿಂದ. ಇ-ಎಸ್‌ಸಿಆರ್‌ನಲ್ಲಿ ಇರುವುದು ಸುಪ್ರೀಂ ಕೋರ್ಟ್‌ನ ಸ್ವಂತ ಜರ್ನಲ್ ಎಸ್‌ಸಿಆರ್‌ನ ಪುಟ. ಕೇಶವಾನಂದ ಭಾರತಿ ತೀರ್ಪನ್ನೇ ತಗೊಳ್ಳಿ: ಎಐಆರ್ 1973 ಎಸ್‌ಸಿ 1461, (1973) 4 ಎಸ್‌ಸಿಸಿ 225. ಇದು ಎಲ್ಲರಿಗೂ ಬಾಯಿಪಾಠ. ಎಸ್‌ಸಿಆರ್‌ನಲ್ಲಿ ಎಲ್ಲಿದೆ ಅಂತ ಕೇಳಿ ನೋಡಿ.

ಆಮೇಲೆ ಇನ್ನೊಂದು ಹುಚ್ಚು. ಎಲ್ಲಾ ಡೌನ್‌ಲೋಡ್ ಮಾಡಿಟ್ಟರೆ? 4,500 ಕೊಟ್ಟು ಹಾರ್ಡ್ ಡಿಸ್ಕ್ ತಂದು ಒಂದೂವರೆ ತಿಂಗಳು ರಾತ್ರಿ ಕೂತೆ. ಫೈಲ್ ಹೆಸರುಗಳೆಲ್ಲ ಬರೀ ಅಂಕಿ. ಹುಡುಕಲು ಹೋದವನಿಗೆ ಹುಲ್ಲಿನ ಬಣವೆಯಲ್ಲಿ ಸೂಜಿ.

ಕೊನೆಗೆ ಕೆಲಸಕ್ಕೆ ಬಂದಿದ್ದು ನಾಚಿಕೆಯಾಗುವಷ್ಟು ಸಾದಾ ಉಪಾಯ. ಯಾರು ಯಾವ ತೀರ್ಪು ಕೇಳಿದರೂ ಅವತ್ತೇ ಎಕ್ಸೆಲ್‌ನಲ್ಲಿ ಒಂದು ಸಾಲು. ಪಕ್ಷಕಾರರ ಹೆಸರು, ತೀರ್ಪಿನ ದಿನಾಂಕ, ಎಐಆರ್, ಎಸ್‌ಸಿಸಿ, ಎಸ್‌ಸಿಆರ್, ನ್ಯೂಟ್ರಲ್ ಸೈಟೇಷನ್ (ಕೋರ್ಟೇ ತೀರ್ಪಿಗೆ ಕೊಡುವ ಸಂಖ್ಯೆ), ಬೇಕಾದ ಪ್ಯಾರಾ. ಇದರಲ್ಲಿ ಚಿನ್ನ ಅಂದರೆ ದಿನಾಂಕ. ಹೆಸರಿನ ಸ್ಪೆಲ್ಲಿಂಗ್ ಜರ್ನಲ್‌ನಿಂದ ಜರ್ನಲ್‌ಗೆ ಬದಲಾಗುತ್ತದೆ, ದಿನಾಂಕ ಬದಲಾಗಲ್ಲ. 600 ಸಾಲು ದಾಟುವ ಹೊತ್ತಿಗೆ ಹತ್ತರಲ್ಲಿ ಎಂಟು ಪ್ರಶ್ನೆಗೆ ಉತ್ತರ ಅಲ್ಲೇ ಸಿಗತೊಡಗಿತು. ತಾಲ್ಲೂಕು ಕೋರ್ಟ್‌ನಲ್ಲಿ ಓಡುವ ತೀರ್ಪುಗಳು ಅಷ್ಟೇ ಅಲ್ವಾ! ಪುಟ ತಪ್ಪಾಗಿ ನೆನಪಿದ್ದರೂ ತೀರ್ಪು ಹಿಡಿಯುವ ಒಂದು ದಾರಿ ಇದೆ. ಅದನ್ನು ಇಲ್ಲಿ ಬರೆಯಲ್ಲ. ನಮ್ಮ ಅಧ್ಯಕ್ಷರಿಗೂ ಹೇಳಿಲ್ಲ.

ಹೈಕೋರ್ಟ್ ತೀರ್ಪಿಗೆ ಇ-ಕೋರ್ಟ್ಸ್‌ನ ಜಡ್ಜ್‌ಮೆಂಟ್ ಸರ್ಚ್ ಸಾಕು, ಕ್ಯಾಪ್ಚಾ ಕಾಟ ತಡೆದುಕೊಂಡರೆ. ನಮ್ಮ ಹೈಕೋರ್ಟ್‌ನ ನ್ಯೂಟ್ರಲ್ ಸೈಟೇಷನ್‌ನಲ್ಲಿ ಕೆಎಚ್‌ಸಿ ಆದಮೇಲೆ ಡಿ ಇದ್ದರೆ ಧಾರವಾಡ ಪೀಠ, ಕೆ ಇದ್ದರೆ ಕಲಬುರಗಿ ಪೀಠ. ಆ ಒಂದು ಅಕ್ಷರ ಬಿಟ್ಟು ಟೈಪ್ ಮಾಡಿ ನಾನು ಅರ್ಧ ದಿನ ಕಳೆದಿದ್ದೇನೆ.

2024ರ ಜುಲೈ 1ಕ್ಕೆ ಹಳೇ ಕ್ರಿಮಿನಲ್ ಪ್ರಕ್ರಿಯೆ ಕಾಯ್ದೆ ಸಿಆರ್‌ಪಿಸಿ ಹೋಗಿ ಬಿಎನ್‌ಎಸ್‌ಎಸ್ ಬಂತು ನೋಡಿ, ಪಟ್ಟಿಯ ಬೆಲೆ ಅವತ್ತು ತಿಳಿಯಿತು. ಸಿಆರ್‌ಪಿಸಿಯಲ್ಲಿ ಕಲಂ 482 ಅಂದರೆ ಕೇಸ್ ರದ್ದು ಕೋರುವ ಅರ್ಜಿ. ಬಿಎನ್‌ಎಸ್‌ಎಸ್‌ನಲ್ಲಿ ಅದೇ 482 ನಿರೀಕ್ಷಣಾ ಜಾಮೀನು, ರದ್ದತಿ 528ಕ್ಕೆ ಹೋಯಿತು. ಸುಮ್ನೆ 482 ಅಂತ ಹುಡುಕಿದರೆ ಎರಡೂ ಕಲಸಿಕೊಂಡು ಬರುತ್ತವೆ. ಹಳೇ ಕಲಂ, ಹೊಸ ಕಲಂ ಅಂತ ಎರಡು ಕಾಲಂ ಸೇರಿಸಿದೆ. ಮೂರು ದಿನದ ಕೆಲಸ.

ಹೆಡ್‌ನೋಟ್, ಅಂದರೆ ಜರ್ನಲ್‌ನವರು ತೀರ್ಪಿನ ಮೇಲೆ ಹಾಕುವ ಸಾರಾಂಶ, ಅದರ ವಿಷಯದಲ್ಲಿ ಹುಷಾರು. ತೀರ್ಪಿನ ಮಾತು ಎಲ್ಲರದ್ದು, ಸಂಪಾದಕರು ಸೇರಿಸಿದ್ದು ಅವರದ್ದು. ಸುಪ್ರೀಂ ಕೋರ್ಟ್‌ನ ಮೋದಕ್ ಕೇಸಿನಲ್ಲಿ 2007ರಲ್ಲೇ ಇದು ಇತ್ಯರ್ಥವಾಗಿದೆ. ಹಾಗಾಗಿ ನಮ್ಮ ಜೂನಿಯರ್‌ಗಳ ಕೈಲಿ ಪ್ರತಿ ತೀರ್ಪಿಗೆ ಎರಡು ಸಾಲು ಕನ್ನಡದಲ್ಲಿ ಬರೆಸಿದೆ. ಪಕ್ಕದ ತಾಲ್ಲೂಕಿನವರು ಅದನ್ನು ಜೆರಾಕ್ಸ್ ಮಾಡಿಸಿಕೊಂಡು ಹೋಗುತ್ತಾರೆ. ಹೆಮ್ಮೆ ಆಗದೆ ಇರುತ್ತಾ?

ಪುಸ್ತಕದ ಬೆನ್ನಿಗೆ ಕ್ಯೂಆರ್ ಕೋಡ್ ಅಂಟಿಸಿದ್ದೂ ಆಯಿತು. ಮಳೆಗಾಲದಲ್ಲಿ ಎಲ್ಲಾ ಕಿತ್ತು ಬಂತು. ಆದರೆ ಸುಪ್ರೀಂ ಕೋರ್ಟ್ ತೀರ್ಪುಗಳ ಕನ್ನಡ ಅನುವಾದ ಪ್ರಿಂಟ್ ಹಾಕಿಟ್ಟಿದ್ದು ಉಪಯೋಗಕ್ಕೆ ಬಂತು. ಕೋರ್ಟ್‌ಗೆ ಇಂಗ್ಲಿಷ್ ಪ್ರತಿಯೇ ಕೊಡಬೇಕು, ಕನ್ನಡದ್ದು ತಿಳಿವಳಿಕೆಗೆ ಮಾತ್ರ. ಆದರೂ ಕಕ್ಷಿದಾರರು ಬೆಂಚಿನ ಮೇಲೆ ಕೂತು ಓದುತ್ತಾರೆ, ಆಮೇಲೆ ತಮ್ಮ ವಕೀಲರಿಗೇ ಪ್ರಶ್ನೆ ಹಾಕುತ್ತಾರೆ. ಇದು ಕೆಲವರಿಗೆ ಇಷ್ಟವಾಗಿಲ್ಲ.

ಈಗ ವರ್ಷದ ಖರ್ಚು 30 ಸಾವಿರದ ಒಳಗೆ. ಹೈಕೋರ್ಟ್ ತೀರ್ಪುಗಳ ಐಎಲ್‌ಆರ್ ಮತ್ತು ಇನ್ನೊಂದು ಕರ್ನಾಟಕ ಜರ್ನಲ್ ಇಟ್ಟುಕೊಂಡಿದ್ದೇವೆ. ಉಳಿದ ದುಡ್ಡಲ್ಲಿ ಮೊದಲು ತಂದಿದ್ದು ಯುಪಿಎಸ್, ಯಾಕಂದರೆ ನಮ್ಮಲ್ಲಿ ಕರೆಂಟ್ ಹೋಗುವುದೇ ಹತ್ತೂವರೆಗೆ. ಹಳೇ ಎಐಆರ್ ವಾಲ್ಯೂಮ್‌ಗಳನ್ನು ಕೇಳಿಕೊಂಡು ಗುಜರಿಯವನು ಎರಡು ಸಲ ಬಂದ. ಕೊಡಲಿಲ್ಲ. ಪಟ್ಟಿಯ ಎಐಆರ್ ಕಾಲಂ ತುಂಬಲು ಇನ್ನೂ ಅವೇ ಬೇಕು.