ಕೊಟ್ಟಿಗೆ ಉಣುಗು, ಕಾಡು ಉಣುಗು: ಎರಡಕ್ಕೂ ಬೇರೆ ಬೇರೆ ಲೆಕ್ಕ

ಸಾಗರದ ಕಡೆ ಕಾಡಂಚಿನ ಕೊಟ್ಟಿಗೆಯಲ್ಲಿ ನಾಲ್ಕು ಹಸು ಕಟ್ಟಿಕೊಂಡು ನಾನು ಉಣುಗು ಹತೋಟಿ ಮಾಡುವ ರೀತಿ ಇದು. ಔಷಧಿ ಹೊಡೆದು ತಿಂಗಳಾಗುವುದರೊಳಗೆ ಉಣುಗು ಮತ್ತೆ ಹತ್ತಿತು ಎಂದರೆ ಔಷಧಿಯನ್ನೇ ದೂರಬೇಕಿಲ್ಲ. ಹಸುವಿನ ಮೈಮೇಲೆ ಕಾಣುವುದು ಒಂದು ಚಿಕ್ಕ ಪಾಲು ಮಾತ್ರ. ಉಳಿದದ್ದೆಲ್ಲ ಗೋಡೆ ಬಿರುಕಿನಲ್ಲಿ, ಹುಲ್ಲಿನ ಬುಡದಲ್ಲಿ ಮೊಟ್ಟೆಯಾಗಿಯೋ ಮರಿಯಾಗಿಯೋ ಕೂತಿರುತ್ತದೆ. ಜೊತೆಗೆ, ನಮ್ಮ ಹಸುಗಳಿಗೆ ಹತ್ತುವುದು ಒಂದೇ ಜಾತಿಯ ಉಣುಗಲ್ಲ.

ಕೊಟ್ಟಿಗೆಯಲ್ಲೇ ಸಂಸಾರ ಹೂಡುವುದು ರಿಪಿಸೆಫಾಲಸ್ ಮೈಕ್ರೋಪ್ಲಸ್. ಇದು ಮರಿಯಾಗಿ ಹಸುವಿನ ಮೈ ಹತ್ತಿದರೆ ಅಲ್ಲೇ ಪೊರೆ ಬಿಟ್ಟು, ಅಲ್ಲೇ ಬೆಳೆದು, ಸುಮಾರು 21 ದಿನಕ್ಕೆ ರಕ್ತ ಕುಡಿದು ಊದಿ ಉದುರುತ್ತದೆ. ಬೂದುಬಣ್ಣದ, ಹರಳು ಬೀಜದಂತೆ ಕಾಣುವ ಆ ಹೆಣ್ಣು ಬಿರುಕು ಸೇರಿ 2000–3000 ಮೊಟ್ಟೆ ಇಡುತ್ತದೆ. ನನ್ನ ಲೆಕ್ಕವೆಲ್ಲ ಈ 21 ದಿನದ ಮೇಲೆ ನಿಂತಿದೆ: 15 ದಿನಕ್ಕೊಮ್ಮೆ ಹೊಡೆದರೆ ಯಾವ ಹೆಣ್ಣೂ ಪೂರ್ತಿ ಊದಿ ಉದುರಲು ಬಿಡುವು ಸಿಗುವುದಿಲ್ಲ. ಬಿರುಕಿನಿಂದ ಹೊರಟ ಮರಿಗಳು ಹಸುವಿನ ಮೈಗೆ ಬಂದು ಸಾಯುತ್ತವೆ. ಹೀಗೆ ಬಿಡದೆ ನಾಲ್ಕು ಸಲ. ಎರಡು ಸಲಕ್ಕೆ ನಿಲ್ಲಿಸಿದರೆ ಆಮೇಲೆ ಒಡೆದ ಮೊಟ್ಟೆಗಳೇ ಕೊಟ್ಟಿಗೆ ತುಂಬಿಸುತ್ತವೆ.

ಹೊಡೆಯುವ ಔಷಧಿ ಡೆಲ್ಟಾಮೆಥ್ರಿನ್ ಶೇ 1.25ರದ್ದಾದರೆ ಲೀಟರ್ ನೀರಿಗೆ 2 ಮಿಲಿ. 16 ಲೀಟರ್ ಕ್ಯಾನಿಗೆ 32 ಮಿಲಿ. ಅಮಿಟ್ರಾಜ್ ಶೇ 12.5ರದ್ದಕ್ಕೂ ಲೀಟರಿಗೆ 2 ಮಿಲಿಯೇ. ಕಣ್ಣಳತೆಯಲ್ಲಿ ಮುಚ್ಚಳ ಬಗ್ಗಿಸುವುದು ಬೇಡ, ಸಿರಿಂಜಿನಲ್ಲಿ ಅಳೆಯಿರಿ. ಕಡಿಮೆ ಬಿದ್ದರೆ ಬದುಕಿ ಉಳಿದ ಉಣುಗಿನ ಸಂತತಿಗೆ ಆ ಔಷಧಿ ನಾಟುವುದೇ ಇಲ್ಲ. ದೊಡ್ಡ ಹಸುವಿಗೆ 3–4 ಲೀಟರ್ ಬೇಕು, ಕೂದಲ ಬುಡ ಒದ್ದೆಯಾಗಬೇಕು. ಬೆನ್ನ ಮೇಲೆ ಹೊಡೆದದ್ದು ಹೆಚ್ಚು ಕಡಿಮೆ ದಂಡ. ಉಣುಗು ಇರುವುದು ಕಿವಿಯೊಳಗೆ, ಗಂಗೆದೊಗಲಿನ ಮಡಿಕೆಯಲ್ಲಿ, ತೊಡೆಸಂದಿನಲ್ಲಿ, ಕೆಚ್ಚಲಿನ ಬುಡದಲ್ಲಿ, ಬಾಲದಡಿ. ಕಿವಿಗೆ ಸ್ಪ್ರೇ ಬೇಡ, ಅದೇ ದ್ರಾವಣದಲ್ಲಿ ಅದ್ದಿದ ಬಟ್ಟೆಯಲ್ಲಿ ಒರೆಸುತ್ತೇನೆ. ಬೆಳಿಗ್ಗೆ ಹಾಲು ಕರೆದು, ಹೊಟ್ಟೆ ತುಂಬ ನೀರು ಕುಡಿಸಿದ ಮೇಲೆ ಈ ಕೆಲಸ, ಬಾಯಾರಿದ ಹಸು ಮೈ ನೆಕ್ಕಿಕೊಳ್ಳುತ್ತದೆ. ಸಂಜೆ ಕರೆಯುವ ಮೊದಲು ಕೆಚ್ಚಲು ಚೆನ್ನಾಗಿ ತೊಳೆಯಬೇಕು. ಹಾಲನ್ನು ಎಷ್ಟು ದಿನ ಬಳಸದೆ ಬಿಡಬೇಕೆಂದು ಬಾಟಲಿ ಮೇಲೆ ಬರೆದಿರುತ್ತದೆ, ಅದನ್ನು ಪಾಲಿಸಿ. ಎಳೆಗರುವಿಗೆ ವೈದ್ಯರನ್ನು ಕೇಳದೆ ಹೊಡೆಯಬೇಡಿ.

ನಮ್ಮ ಕಡೆ ಹೆಚ್ಚು ಜನ ಎಡವುವುದು ಕ್ಯಾನಿನ ವಿಷಯದಲ್ಲಿ. ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ಕ್ಯಾನಿನಲ್ಲೇ ಡೆಲ್ಟಾಮೆಥ್ರಿನ್ ಕಲಸುತ್ತಾರೆ. ತಳದಲ್ಲಿ ಉಳಿದ ಸುಣ್ಣದ ಕ್ಷಾರ ಔಷಧಿಯನ್ನು ಕೆಡಿಸಿಬಿಡುತ್ತದೆ. ಸುಣ್ಣ ಬಳಿದ ಗೋಡೆಗೆ ಹೊಡೆದರೂ ಅಷ್ಟೇ, ಹೆಚ್ಚು ದಿನ ನಿಲ್ಲುವುದಿಲ್ಲ. ಅಮಿಟ್ರಾಜ್‌ಗೆ ಸುಣ್ಣದ ತೊಂದರೆಯಿಲ್ಲ, ಹಾಗಾಗಿ ಗೋಡೆಗೆ ಅದೇ. ಕಳೆನಾಶಕ ಹೊಡೆದ ಕ್ಯಾನನ್ನಂತೂ ಹಸುವಿನ ಹತ್ತಿರ ತರಲೇಬೇಡಿ. ನಾನು ಉಣುಗಿಗೇ ಒಂದು ಕ್ಯಾನು ಬೇರೆ ಇಟ್ಟಿದ್ದೇನೆ. ಅದನ್ನು ತೊಳೆದ ನೀರು ಹಳ್ಳಕ್ಕೆ, ತೋಟದ ಕಪ್ಪಿಗೆ (ಬಸಿಗಾಲುವೆಗೆ) ಸೇರಬಾರದು. ಡೆಲ್ಟಾಮೆಥ್ರಿನ್ ಮೀನು, ಏಡಿ ಎರಡನ್ನೂ ಕೊಲ್ಲುತ್ತದೆ.

ಜಂಬಿಟ್ಟಿಗೆ ಗೋಡೆಯ ತೂತು, ಕಲ್ಲಿನ ಸಂದು ಉಣುಗಿಗೆ ಹೇಳಿ ಮಾಡಿಸಿದ ಜಾಗ. ನೆಲದಿಂದ ಮೂರು ಅಡಿವರೆಗೆ ಸಿಮೆಂಟು ಮೆತ್ತಿದ್ದು ನನಗೆ ಯಾವ ಔಷಧಿಗಿಂತಲೂ ಹೆಚ್ಚು ಉಪಯೋಗವಾಗಿದೆ. ಬಯಲುಸೀಮೆಯಿಂದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸು ತಂದರೆ ಮೂರು ವಾರ ಬೇರೆ ಕಟ್ಟಿ, ಎರಡು ಸಲ ಹೊಡೆದು ಆಮೇಲೆ ಒಳಗೆ ಸೇರಿಸಿ. ಅಲ್ಲಿಯ ಹಯಲೊಮ್ಮಾ ಉಣುಗು ಥೈಲೇರಿಯಾ ಎಂಬ ರೋಗಾಣು ಹೊತ್ತು ತರುತ್ತದೆ: ಜೋರು ಜ್ವರ, ಭುಜದ ಮುಂದೆ ನಿಂಬೆಹಣ್ಣಿನಂಥ ಗಂಟು. ಕಾಫಿ ಬಣ್ಣದ ಮೂತ್ರ ಕಂಡರೆ ಉಣುಗಿನಿಂದಲೇ ಬರುವ ಇನ್ನೊಂದು ರೋಗಾಣು, ಬಬೇಸಿಯಾ. ಎರಡಕ್ಕೂ ಇಂಜೆಕ್ಷನ್ ಬೇರೆ ಬೇರೆ. ಹಾಗಾಗಿ ಪಶುವೈದ್ಯರು ಬಂದು ಪರೀಕ್ಷೆಗೆ ರಕ್ತದ ಲೇಪ ತೆಗೆಯುವ ಮೊದಲು ಯಾವ ಔಷಧಿಯನ್ನೂ ಕೊಡಬೇಡಿ.

ಇನ್ನು ಕಾಡು ಉಣುಗು, ಹೀಮಾಫೈಸಾಲಿಸ್ ಸ್ಪಿನಿಜೆರಾ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಮುಖ್ಯವಾಗಿ ಹರಡುವುದು ಇದೇ. ಇದರ ಒಂದೊಂದು ಹಂತಕ್ಕೂ ಒಂದೊಂದು ಪ್ರಾಣಿ ಬೇಕು. ಬೆಳೆದ ಉಣುಗು ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ದನ, ಕಾಟಿಯಂಥ ದೊಡ್ಡ ಪ್ರಾಣಿಗಳನ್ನು ಹತ್ತುತ್ತದೆ. ಅದರ ಸಂತತಿ ಬೇಸಿಗೆಗೆ ಗಸಗಸೆಗಿಂತ ಸ್ವಲ್ಪ ದೊಡ್ಡದಾದ ಎಳೆ ಉಣುಗಾಗಿ ದರಕಿನಲ್ಲಿ (ಉದುರಿದ ಒಣ ಎಲೆಯಲ್ಲಿ) ಕಾದಿರುತ್ತದೆ, ಇಲಿ, ಮಂಗ, ಮನುಷ್ಯ ಯಾರಾದರೂ ಸರಿ. ಮನುಷ್ಯರಿಗೆ ಕಾಯಿಲೆ ಡಿಸೆಂಬರ್‌ನಿಂದ ಮೇವರೆಗೆ ಬರುವುದು ಈ ಎಳೆ ಉಣುಗಿನಿಂದ. ಹಸುವಿಗೆ ಈ ಕಾಯಿಲೆ ಬರುವುದಿಲ್ಲ, ಆದರೆ ಉಣುಗಿಗೆ ಊಟ ಹಾಕುವುದು ಅದೇ.

ಆದ್ದರಿಂದ ಕಾಡಿಗೆ ಮೇಯಲು ಹೋಗುವ ದನಕ್ಕೆ ನಾನು ಮಳೆಗಾಲದಲ್ಲೂ ಔಷಧಿ ಬಿಡುವುದಿಲ್ಲ. ಸ್ಪ್ರೇ ಮಳೆಗೆ ತೊಳೆದು ಹೋಗುತ್ತದೆ. ಮೈ ಒಣಗಿದ ದಿನ ನೋಡಿ ಶೇ 1ರ ಫ್ಲುಮೆಥ್ರಿನ್ ಎಣ್ಣೆಯನ್ನು ಹೆಗಲಿನಿಂದ ಬಾಲದ ಬುಡದವರೆಗೆ ಬೆನ್ನುಗೆರೆಗೆ ಸುರಿಯುತ್ತೇನೆ, ಸ್ಪ್ರೇಯಂತಲ್ಲದೆ ಇದು ಅಲ್ಲಿಂದ ಮೈಗೆಲ್ಲ ಹರಡುತ್ತದೆ. 10 ಕೆಜಿ ತೂಕಕ್ಕೆ 1 ಮಿಲಿ, ಅಂದರೆ 350 ಕೆಜಿ ಹಸುವಿಗೆ 35 ಮಿಲಿ. ಕಾಡುಪ್ರಾಣಿಗಳಿಗೆ ನಾವು ಔಷಧಿ ಹಾಕಲಾಗದ್ದರಿಂದ ಇದೊಂದರಿಂದಲೇ ಕಾಯಿಲೆ ನಿಲ್ಲುವುದಿಲ್ಲ.

ಕೊಟ್ಟಿಗೆಗೆ ಹಾಸುವ ದರಕನ್ನು ಗುಡಿಸಿ ತರುವುದೂ ಬೇಸಿಗೆಯಲ್ಲೇ. ಗುಡಿಸುವ ಮೊದಲು ಒಂದು ಮೀಟರ್ ಉದ್ದಗಲದ ಬಿಳಿ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ ದರಕಿನ ಮೇಲೆ ಹತ್ತು ಮೀಟರ್ ನಿಧಾನಕ್ಕೆ ಎಳೆದು ತಿರುಗಿಸಿ ನೋಡುತ್ತೇನೆ. ಕಂದು ಚುಕ್ಕೆ ನಡೆಯುತ್ತಿದ್ದರೆ ಆ ಜಾಗ ಬಿಟ್ಟೆ. ಬಟ್ಟೆಯಲ್ಲಿ ಒಂದೂ ಕಾಣಲಿಲ್ಲವೆಂದು ಮೈಮರೆಯುವ ಹಾಗಿಲ್ಲ. ಪ್ಯಾಂಟನ್ನು ಸಾಕ್ಸಿನೊಳಗೆ ತೂರಿಸಿ, ಆರೋಗ್ಯ ಕೇಂದ್ರದಲ್ಲಿ ಕೊಡುವ, ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿಕೊಂಡೇ ಹೋಗಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಇಲಾಖೆಗೂ ಆರೋಗ್ಯ ಕೇಂದ್ರಕ್ಕೂ ತಿಳಿಸಿ. ಹೆಣ ತಣ್ಣಗಾಗುತ್ತಲೇ ಉಣುಗು ಇಳಿದು ಸುತ್ತ ಹರಡಿರುತ್ತದೆ. ಅದಕ್ಕೇ ಅವರು ಹೆಣದ ಸುತ್ತ 50 ಮೀಟರ್‌ವರೆಗೆ ಔಷಧಿ ಹೊಡೆಯುವುದು.

ಮನೆಗೆ ಬಂದವರು ಬಟ್ಟೆಯನ್ನು ಕುದಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ಸೊಂಟ, ಮಂಡಿಯ ಹಿಂದೆ ತಡವಿ ನೋಡಬೇಕು. ಕಚ್ಚಿ ಕೂತದ್ದನ್ನು ಚಿಮಟದಲ್ಲಿ ಚರ್ಮಕ್ಕೆ ಅಂಟಿದ ಕಡೆಯೇ ಹಿಡಿದು ನೇರ ಎಳೆಯಿರಿ. ಬೀಡಿ ತಾಗಿಸುವುದು, ಸೀಮೆಎಣ್ಣೆ ಬಿಡುವುದು, ಉಗುರಲ್ಲಿ ಒರೆಯುವುದು ಬೇಡ. ಮುಂದಿನ 3–8 ದಿನದಲ್ಲಿ ಚಳಿಜ್ವರ, ಸಿಡಿಯುವ ತಲೆನೋವು, ಮೈಕೈ ನೋವು ಬಂದರೆ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದೆ ಎಂದು ನೀವಾಗಿಯೇ ಹೇಳಿ ರಕ್ತ ಪರೀಕ್ಷೆ ಮಾಡಿಸಿ. ಈ ಜ್ವರದಲ್ಲಿ ಮೂಗು, ವಸಡಿನಿಂದ ರಕ್ತ ಬರುವುದುಂಟು, ಆದ್ದರಿಂದ ಆಸ್ಪಿರಿನ್ ನುಂಗಬೇಡಿ. ಜ್ವರ ಬಿಟ್ಟು ಒಂದೆರಡು ವಾರ ಚೆನ್ನಾಗಿದ್ದು ಕೆಲವರಿಗೆ ಮತ್ತೆ ಏರುತ್ತದೆ. ಆಗಲೂ ಅದೇ ಆಸ್ಪತ್ರೆಗೆ ಹೋಗಿ, ಹಳೆಯ ಚೀಟಿ ತೋರಿಸಿ.