ಹೊಸ ರಾಡಾರ್ ಕೂರಿಸಿದ ವಿಮಾನದ ಕಿವುಡು ಬಿಡಿಸಿದ್ದು: ನನ್ನ ಅನುಭವ

ಹಳೆಯ ಯುದ್ಧವಿಮಾನಕ್ಕೆ ಹೊಸ ರಾಡಾರ್ ಕೂರಿಸಿದ ಕೂಡಲೇ ಶತ್ರು ರಾಡಾರ್‌ನ ಅಲೆ ಬಿದ್ದರೆ ಪೈಲಟ್‌ಗೆ ತಿಳಿಸುವ ಅದರ ರಾಡಾರ್ ಎಚ್ಚರಿಕೆ ರಿಸೀವರ್ ಅರ್ಧ ಕಿವುಡಾಗುವುದನ್ನು ಈ ಕೆಲಸದಲ್ಲಿರುವವರೆಲ್ಲ ಕಂಡಿದ್ದಾರೆ. ವಿದೇಶದಿಂದ ಹೊಸ ರಿಸೀವರ್ ತರಿಸದೆ ಇದು ಸರಿಹೋಗದೆಂದು ಬೆಂಗಳೂರಿನ ನಮ್ಮ ತಂಡದ ಹಿರಿಯರೇ ಹೇಳಿದ್ದರು. ಹಳೆಯ ರಿಸೀವರನ್ನೇ ಉಳಿಸಿಕೊಂಡು, ಸ್ವಂತ ರಾಡಾರ್ ಅಲೆಯ ಚಿಕ್ಕ ಮಿಡಿತ (ಪಲ್ಸ್) ಕಳುಹಿಸುವಾಗಲೆಲ್ಲ ರಿಸೀವರನ್ನು ಕ್ಷಣಕಾಲ ಮುಚ್ಚುವ ಬ್ಲ್ಯಾಂಕಿಂಗ್ ವ್ಯವಸ್ಥೆಯನ್ನಷ್ಟೇ ಬದಲಿಸಿ ನಾವು ಅದನ್ನು ಸರಿಪಡಿಸಿದೆವು. ವಿಮಾನ ಯಾವುದೆಂದು ಹೇಳಲಾರೆ; 1979ರಲ್ಲಿ ನಮ್ಮ ವಾಯುಪಡೆಗೆ ಬಂದ ಜಾಗ್ವಾರ್‌ನಂತೆ ಇದೂ ನೆಲಕ್ಕೆ ಹತ್ತಿರ ಹಾರಿ ದಾಳಿ ಮಾಡುವಂಥದ್ದು.

9,000 ಮೀಟರ್ ಎತ್ತರದಲ್ಲಿರುವ ವಿಮಾನವು ನೆಲದ ರಾಡಾರ್‌ಗೆ ಸುಮಾರು 400 ಕಿ.ಮೀ. ದೂರದಿಂದಲೇ ದಿಗಂತದ ಮೇಲಿರುತ್ತದೆ. ಅದೇ ವಿಮಾನ 60 ಮೀಟರಿಗೆ ಇಳಿದರೆ, 20 ಮೀಟರ್ ಕಂಬದ ಮೇಲಿನ ಆಂಟೆನಾಗೂ ಅದು ಕಾಣುವುದು ಸುಮಾರು 50 ಕಿ.ಮೀ. ಒಳಗೆ ಬಂದಾಗ. ಗಂಟೆಗೆ 900 ಕಿ.ಮೀ. ವೇಗದಲ್ಲಿ ಅದು 200 ಸೆಕೆಂಡುಗಳ ದಾರಿ. ಎಸ್-400ರಂಥ ವಿಮಾನ ಹೊಡೆಯುವ ಕ್ಷಿಪಣಿ ವ್ಯವಸ್ಥೆಯ ಎದುರು ಆ 200 ಸೆಕೆಂಡುಗಳಲ್ಲಿ ಮೂರನೆಯ ಒಂದು ಪಾಲು ಕಿವಿ ಮುಚ್ಚಿಕೊಂಡು ಹಾರುವಂತೆ ಪೈಲಟ್‌ಗೆ ಹೇಳಲು ನನಗೆ ಮನಸ್ಸಾಗಲಿಲ್ಲ.

ನಮ್ಮಲ್ಲಿ ಆಗುತ್ತಿದ್ದುದು ಅದೇ. ರಾಡಾರ್ ಪೂರೈಸಿದವರು ಕೊಟ್ಟಿದ್ದು ಒಂದೇ ಬ್ಲ್ಯಾಂಕಿಂಗ್ ತಂತಿ, ಮತ್ತು ಅದು ಎಲ್ಲ ಬ್ಯಾಂಡ್‌ಗಳನ್ನೂ (ಆವರ್ತನದ ಪಟ್ಟಿಗಳನ್ನು) ಒಟ್ಟಿಗೆ ಮುಚ್ಚುತ್ತಿತ್ತು. ಮುಚ್ಚುವ ಅವಧಿಯನ್ನು ಕಡಿಮೆ ಮಾಡಿದರೆ ಸ್ವಂತ ರಾಡಾರ್‌ನ ಪಲ್ಸ್‌ಗಳೇ ಸೋರಿ, ಮೂಗಿನ ನೇರಕ್ಕೆ ಸದಾ ಒಂದು ಶತ್ರು ರಾಡಾರ್ ಇದ್ದಂತೆ ತೋರುತ್ತಿತ್ತು. ಮೂರನೆಯ ಹಾರಾಟದಲ್ಲಿ ಪೈಲಟ್ ಬೇಸತ್ತು ರಿಸೀವರನ್ನೇ ಆಫ್ ಮಾಡಿ ಬಂದರು, ಮತ್ತು ಅವರು ಮಾಡಿದ್ದು ಸರಿಯಾಗಿಯೇ ಇತ್ತು.

ಮೊದಲು ಫಿಲ್ಟರ್ ಪ್ರಯತ್ನಿಸಿದೆವು. ಒಂದು ಸೆಟ್‌ಗೆ ಹೆಚ್ಚುಕಡಿಮೆ 18 ಲಕ್ಷ ರೂಪಾಯಿ ಕೊಟ್ಟು ಹನ್ನೊಂದು ತಿಂಗಳು ಕಾದೆವು. ಅದು ಸ್ವಂತ ರಾಡಾರನ್ನೇನೋ ತಡೆಯಿತು. ಆದರೆ ನಮ್ಮ ರಾಡಾರ್ ಇರುವ ಎಕ್ಸ್ ಬ್ಯಾಂಡ್‌ನಲ್ಲಿಯೇ ಕ್ಷಿಪಣಿಗೆ ಗುರಿ ತೋರಿಸುವ ಎಷ್ಟೋ ರಾಡಾರ್‌ಗಳೂ ಇರುವುದರಿಂದ ಅವುಗಳನ್ನೂ ನುಂಗಿಹಾಕಿತು. ಆ ಸೆಟ್ ಇನ್ನೂ ಕಪಾಟಿನಲ್ಲಿದೆ. ಆಮೇಲೆ ಮೂಗಿನ ಆಂಟೆನಾಗಳ ಹಿಂದೆ ಅಲೆ ಹೀರುವ ರಬ್ಬರ್ ಹಾಳೆ ಅಂಟಿಸಿದೆವು. ಸೋರಿಕೆ ಆರು ಡೆಸಿಬೆಲ್ ಇಳಿಯಿತು, ಆದರೆ ಜೂನ್ ಮಳೆಗೆ ಹಾಳೆ ಕಿತ್ತುಬಂತು.

ಉತ್ತರ ಸಿಕ್ಕಿದ್ದು ವಿದ್ಯುತ್ ಸಂಕೇತವನ್ನು ಪರದೆಯಲ್ಲಿ ತೋರಿಸುವ ಆಸಿಲೋಸ್ಕೋಪ್ ಮುಂದೆ. ಬ್ಲ್ಯಾಂಕಿಂಗ್ ಸಂಕೇತವನ್ನು ಟ್ರಾನ್ಸ್‌ಮಿಟರ್‌ನಿಂದ ತೆಗೆದುಕೊಂಡಿದ್ದೆವು. 10 ಮೀಟರ್ ಕೇಬಲ್ ದಾಟಲು ಅದಕ್ಕೆ ಸುಮಾರು 50 ನ್ಯಾನೊಸೆಕೆಂಡ್ ಬೇಕು, ಲಾಜಿಕ್‌ನ ವಿಳಂಬ ಬೇರೆ. ರಿಸೀವರ್‌ನ ಬಾಗಿಲು ಮುಚ್ಚುವ ಹೊತ್ತಿಗೆ ಪಲ್ಸ್‌ನ ತಲೆ ಒಳಗೆ ಬಂದಾಗಿರುತ್ತಿತ್ತು. ಹಾಗಾಗಿ ಪಲ್ಸ್ ಹೊರಡುವ ಮೊದಲೇ ಸಿಗುವ ಪ್ರೀ-ಟ್ರಿಗರ್ ಸಂಕೇತ ಹಿಡಿದು, ಪ್ರತಿ ಬ್ಯಾಂಡ್‌ಗೂ ಪ್ರತ್ಯೇಕ ಬಾಗಿಲು ಇಟ್ಟ ಒಂದು ಕಾರ್ಡ್ ಮಾಡಿದೆ. 4.2ರಿಂದ 4.4 ಗಿಗಾಹರ್ಟ್ಸ್‌ನಲ್ಲಿರುವ, ನೆಲದಿಂದ ಎತ್ತರ ಅಳೆಯುವ ರೇಡಿಯೋ ಆಲ್ಟಿಮೀಟರ್‌ಗಾಗಿ ಉಳಿದ ಬ್ಯಾಂಡ್‌ಗಳನ್ನೆಲ್ಲ ಮುಚ್ಚುವ ಅಗತ್ಯವೇ ಇರಲಿಲ್ಲ. ಬಾಗಿಲನ್ನು ಬೇಗ ತೆರೆದಾಗ ರೆಕ್ಕೆಯಡಿಯ ಟ್ಯಾಂಕ್‌ಗಳಿಗೆ ಬಡಿದು ಒಳಬರುವ ಉಳಿಕೆಯನ್ನು, ರಾಡಾರ್ ತಾನೇ ಡೇಟಾ ಬಸ್‌ನಲ್ಲಿ (ಉಪಕರಣಗಳ ನಡುವಿನ ಮಾಹಿತಿ ತಂತಿಯಲ್ಲಿ) ತಿಳಿಸುವ ಪಲ್ಸ್ ವಿನ್ಯಾಸದೊಂದಿಗೆ ಸಾಫ್ಟ್‌ವೇರ್ ಹೋಲಿಸಿ ಬಿಸಾಡುತ್ತದೆ. ಆ ಹೋಲಿಕೆಗೆ ಎಷ್ಟು ಸಡಿಲ ಕೊಟ್ಟೆ, ವಿಮಾನ ತೀವ್ರವಾಗಿ ತಿರುಗುವಾಗ ಏನು ಬದಲಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಕಿವಿ ಮುಚ್ಚಿರುವ ಕಾಲ ಮೂರನೆಯ ಒಂದರಿಂದ ಶೇ. 6 ಅಥವಾ 7ಕ್ಕೆ ಇಳಿಯಿತು. ಹದಿನಾಲ್ಕು ಹಾರಾಟಗಳಲ್ಲಿ ಸುಳ್ಳು ಎಚ್ಚರಿಕೆ ಬಂದದ್ದು ಎರಡೇ ಸಲ. ಬಿಡಿ ಕಾರ್ಡ್‌ಗಳೂ ಸೇರಿ ಖರ್ಚು 4 ಲಕ್ಷ ದಾಟಲಿಲ್ಲ. ಇದು ಆಗದ ಕೆಲಸವೆಂದಿದ್ದ ಹಿರಿಯರೊಬ್ಬರು ಆಮೇಲೆ ಸರ್ಕ್ಯೂಟ್ ನಕ್ಷೆ ಕೇಳಿ ಪಡೆದರು, ಸಂತೋಷದಿಂದಲೇ ಕೊಟ್ಟೆ.

ಈ ನಡುವೆ ದಿಕ್ಕಿನ ದೋಷವೂ ಸಿಕ್ಕಿತು. ನಾಲ್ಕು ಆಂಟೆನಾಗಳಿಗೆ ಬರುವ ಸಂಕೇತದ ಬಲವನ್ನು ಹೋಲಿಸಿ ದಿಕ್ಕು ಹೇಳುವ ರಿಸೀವರ್‌ನಲ್ಲಿ ಒಂದು ಡೆಸಿಬೆಲ್ ವ್ಯತ್ಯಾಸಕ್ಕೆ ಮೂರು ಡಿಗ್ರಿಯಷ್ಟು ತಪ್ಪಾಗುತ್ತದೆ. ಬಾಲದ ಎಡಗಡೆಯ ಕೇಬಲ್ ಎರಡೂವರೆ ಡೆಸಿಬೆಲ್ ಹೆಚ್ಚು ನುಂಗುತ್ತಿತ್ತು. ಅದನ್ನು ಬದಲಿಸಿ, ಸುತ್ತಲಿನ ಫಲಕಗಳ ಬಣ್ಣ ಕೆರೆದು ಬಾಂಡಿಂಗನ್ನು (ಲೋಹದ ಭಾಗಗಳ ನಡುವಿನ ವಿದ್ಯುತ್ ರೋಧವನ್ನು) 2.5 ಮಿಲಿಓಮ್‌ನೊಳಗೆ ತಂದೆವು. ಇದೇ ಕಾರ್ಡನ್ನು ಈಗ ಶತ್ರು ರಾಡಾರ್‌ಗೆ ಅಡ್ಡಿ ಮಾಡುವ ಜ್ಯಾಮರ್‌ನ ಪ್ರಸಾರದ ನಡುವಿನ ಬಿಡುವಿನಲ್ಲಿ ಆಲಿಸಲು ಹೊಂದಿಸುತ್ತಿದ್ದೇನೆ. ಬೆಂಚಿನ ಮೇಲೆ ಅದು ನಡೆಯುತ್ತಿದೆ, ಹಾರಾಟ ಇನ್ನೂ ಆಗಿಲ್ಲ.